ಅಪ್ಪನ ಭಾನುವಾರದ ಸ್ಟೇಕು

ಕಾದ ಕಾವಲಿಯ ಮೇಲೆ ಬೆಣ್ಣೆ, ಬೆಳ್ಳುಳ್ಳಿ, ತರಿತರಿ ಮೆಣಸು ಒಟ್ಟಿಗೆ ಬಿದ್ದಾಗ ಏಳುವ ವಾಸನೆ ಎಲ್ಲಿ ಬಂದರೂ ನನಗೆ ಬಾಯಲ್ಲಿ ನೀರೂರುವ ಮೊದಲು ಕೋಪ ಬರುತ್ತದೆ. ಈಗ ಇದೇ ಮೈಸೂರಿನಲ್ಲಿ ಜನ ರಜೆಯ ದಿನ ಹೋಟೆಲಿನಲ್ಲಿ ಕೂತು ಸ್ಟೇಕಿನ ಫೋಟೋ ತೆಗೆದುಕೊಂಡು ತಿನ್ನುತ್ತಾರೆ. ತಿನ್ನಲಿ, ಸಂತೋಷ. ತೊಂಬತ್ತರ ದಶಕದಲ್ಲಿ ಅದೇ ವಾಸನೆಗೆ ನಾವು ಕಿಟಕಿ ಮುಚ್ಚಿಕೊಂಡು ಕೂರಬೇಕಾಗಿತ್ತಲ್ಲ, ಅದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಪ್ಪ ಕ್ಲಬ್ಬೊಂದರಲ್ಲಿ ಅಡುಗೆಯವರು. ಭಾನುವಾರ ಅವರಿಗೆ ಸಂಜೆಯ ಕೆಲಸ, ಹಗಲೆಲ್ಲ ನಮ್ಮದು. ಶನಿವಾರವೇ ಮಂಡಿ ಮೊಹಲ್ಲಾದಿಂದ ದನದ ಬಾಡನ್ನು ಎರಡು ಬೆರಳು ದಪ್ಪಕ್ಕೆ ಕೊಯ್ಯಿಸಿ ತರುತ್ತಿದ್ದರು. ಬೆಳಿಗ್ಗೆ ಉಪ್ಪು ಸವರಿ, ಮೆಣಸು ಕುಟ್ಟಿ, ಯಾವ ಅವಸರವೂ ಇಲ್ಲದೆ ರೇಡಿಯೋ ಕೇಳುತ್ತ ಕೂರುವರು. ಕಾವಲಿಯಲ್ಲಿ ನೀರಿನ ಹನಿ ಕುಣಿದ ಮೇಲೇ ಬಾಡು ಇಳಿಯಬೇಕು. ಕರಗಿದ ಬೆಣ್ಣೆಯನ್ನು ಚಮಚದಲ್ಲಿ ಮೇಲೆ ಮೇಲೆ ಹುಯ್ಯಬೇಕು. ಬೆಂದರೂ ಮುಟ್ಟುವಂತಿಲ್ಲ. ಅದೂ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ತಟ್ಟೆ ಮುಚ್ಚಿಡುವರು. ಹಸಿದಿರುವುದು ಅದಲ್ಲ, ನಾವು ಎಂದು ಅಮ್ಮ ರೇಗಿಸುತ್ತ ಮುದ್ದೆ ಕಟ್ಟುವಳು. ನಮ್ಮವರೇ ತುಂಬಿದ್ದ ಅಶೋಕಪುರಂನಲ್ಲಿದ್ದಾಗ ಪಕ್ಕದ ಮನೆಗೂ ಒಂದು ತಟ್ಟೆ ಹೋಗುತ್ತಿತ್ತು. ಕ್ಲಬ್ಬಿನ ಸ್ಟೇಕಿಗೆ ರಾಗಿಮುದ್ದೆ ನೆಂಚಿಕೊಂಡವರು ಊರಿನಲ್ಲಿ ನಾವೊಬ್ಬರೇ ಇರಬೇಕು.

ಅಮ್ಮನಿಗೆ ಯೂನಿವರ್ಸಿಟಿ ಕಡೆ ಆಫೀಸಿನಲ್ಲಿ ಕೆಲಸ ಸಿಕ್ಕಿ ಜಯಲಕ್ಷ್ಮಿಪುರಂಗೆ ಬಂದೆವು. ಮೇಲೆ ಓನರಮ್ಮ, ಕೆಳಗೆ ನಾವು. ಮನೆಯಲ್ಲಿ ಬಾಡು ಬೇಯಿಸಬಾರದೆಂಬ ಷರತ್ತಿಗೆ ಅಪ್ಪ ತಲೆಯಾಡಿಸಿದ್ದರು. ಬೇರೆ ಮನೆಗಳಲ್ಲಿ ಯಾವ ಜನ ಎಂದು ಕೇಳಿ, ಷರತ್ತಿನ ಮಾತೂ ಆಡದೆ ಬಾಗಿಲಿಂದಲೇ ವಾಪಸು ಕಳಿಸಿದ್ದರು. ಭಾನುವಾರ ಓನರಮ್ಮ ಮಗಳ ಮನೆಗೆ ಹೋದ ಮೇಲೆ ಅಪ್ಪ ಕಿಟಕಿ ಮುಚ್ಚಿ ಕಾವಲಿ ಇಡುತ್ತಿದ್ದರು. ಒಂದು ದಿನ ಆಕೆ ಬೇಗ ಬಂದುಬಿಟ್ಟರು. ಬಾಗಿಲು ತೆಗೆದವಳು ನಾನು, ಹತ್ತು ವರ್ಷದವಳು. ಮೂಗಿಗೆ ಸೆರಗು ಹಿಡಿದು ಏನಮ್ಮ ವಾಸನೆ ಎಂದು ಕೇಳಿದರು. ಮನೆ ಬಿಡಿಸುತ್ತಾರೆಂಬ ಭಯಕ್ಕೆ ನಾನು, "ಬದ್ನೆಕಾಯಿ ಸುಡ್ತಾವ್ರೆ" ಎಂದೆ. ನಂಬಿದರೋ ಬಿಟ್ಟರೋ, ಮೇಲೆ ಹೋದರು. ತಿರುಗಿ ನೋಡಿದರೆ ಅಡುಗೆಮನೆಯ ಹೊಸ್ತಿಲಲ್ಲಿ ಅಪ್ಪ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ಭಾನುವಾರ ಅದೇ ಕಾವಲಿ ಗೂಡು ಸೇರಿತ್ತು, ಆ ಮನೆಯಲ್ಲಿರುವವರೆಗೂ ಕೆಳಗಿಳಿಯಲಿಲ್ಲ. ಅಪ್ಪ ಕೆಂಡದ ಮೇಲೆ ಬದನೆಕಾಯಿ ತಿರುವಿ ತಿರುವಿ ಸುಟ್ಟರು, ಅದೇ ನಿಧಾನ, ಅದೇ ಶ್ರದ್ಧೆ. ಗೊಜ್ಜು ಮಾಡಿ ಒಂದು ಬಟ್ಟಲು ನನ್ನ ಕೈಗಿತ್ತು, ಓನರಮ್ಮ ಮಗಳ ಮನೆಗೆ ಹೊರಡುವ ಮೊದಲು ಕೊಟ್ಟು ಬಾ ಎಂದರು. ನಾನು ಅಳುತ್ತ ಹೋಗಲ್ಲ ಎಂದೆ. "ಹೇಳ್ಬುಟ್ಟ ಮೇಲೆ ಮಾಡ್ಬೇಕಲ್ಲ ಕಣವ್ವ" ಎಂದರು. ಓನರಮ್ಮ ಒಂದು ಬೆರಳು ನೆಕ್ಕಿ ನಿಮ್ಮಪ್ಪನ ಕೈರುಚಿ ಚೆನ್ನಾಗಿದೆ ಎಂದು ಹೊಗಳಿದರು. ಆ ಹೊಗಳಿಕೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಆಕೆಯ ಮೇಲೆ, ತಲೆಯಾಡಿಸಿದ ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನಾಲಿಗೆಯ ಮೇಲೆ.

ಎರಡು ಸಾವಿರದ ಇಸವಿಯ ನಂತರ, ಅಪ್ಪ ಇನ್ನೂ ಕ್ಲಬ್ಬಿನ ಕೆಲಸದಲ್ಲಿರುವಾಗಲೇ, ನಮ್ಮದೇ ಮನೆಯಾಯಿತು. ಮೊದಲ ಭಾನುವಾರ ನಾನೇ ಬಾಡು ಕೊಯ್ಯಿಸಿ ತಂದು ಅಪ್ಪನ ಮುಂದಿಟ್ಟೆ. ಅವರು ಪೊಟ್ಟಣ ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ, ಹಾಗೇ ಮಡಚಿಟ್ಟರು. "ಕೈ ತಪ್ಪೋಗೈತೆ ಕಣವ್ವ, ನಿಮ್ಮಮ್ಮ ಸಾರು ಮಾಡ್ಲಿ ಬುಡು" ಎಂದರು. ವಯಸ್ಸಾಯಿತು ಎಂದುಕೊಂಡು ಪೊಟ್ಟಣವನ್ನು ಅಮ್ಮನಿಗೆ ಕೊಟ್ಟೆ.

ಅಪ್ಪ ತೀರಿಕೊಂಡಾಗ ಕ್ಲಬ್ಬಿನ ಅಡುಗೆಯವರೆಲ್ಲ ಬಂದಿದ್ದರು. ಅವರಲ್ಲೊಬ್ಬರು ನನ್ನ ಪಕ್ಕ ಕೂತು, ಕೆಲಸ ಬಿಡುವ ದಿನದವರೆಗೂ ಸ್ಟೇಕಿನ ಕಾವಲಿಯನ್ನು ಅಪ್ಪ ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ, ಆ ಕೈ ಒಂದು ದಿನವೂ ತಪ್ಪಲಿಲ್ಲ ಎಂದು ಹೇಳಿದರು.