ಚೌರಿ ಇಲ್ಲದ ಹೆಳಲು

ಅಂದು ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ಹಾಲು ಕಾಯಿಸಿಟ್ಟು, ಹಣಿಗೆ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕುಳಿತೆ. ಸವಣೂರಿನ ನಮ್ಮ ಮನೆಯಲ್ಲಿ ಮೊದಲ ಬಿಸಿಲು ಬೀಳುವುದು ಆ ಕಟ್ಟೆಗೆ. ತಲೆ ಬಾಚಿ, ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ತುರುಕುವುದು ನಮ್ಮ ಕಡೆಯ ಹೆಂಗಸರ ರೂಢಿ. ಉದುರಿದ ಕೂದಲನ್ನು ಎಸೆಯುವುದಿಲ್ಲ. ಪಿನ್ನು, ಸೂಜಿ ಮಾರುವವಳು ಬಂದರೆ ಅವಳಿಗೆ ಕೊಡುತ್ತೇವೆ, ಇಲ್ಲವೆ ಕೂಡಿಟ್ಟು ಚೌರಿ ಕಟ್ಟಿಸಿ ಹೆಳಲಿನೊಳಗೆ ಸೇರಿಸಿ ಹೆಣೆದುಕೊಳ್ಳುತ್ತೇವೆ.

ಆ ದಿನ ಬೆರಳಿಗೆ ಸುತ್ತುವಷ್ಟು ಕೂದಲು ಬರಲಿಲ್ಲ. ಹಣಿಗೆಯನ್ನು ತಿರುಗಿಸಿ ನೋಡಿದೆ. ಎರಡೋ ಮೂರೋ ಎಳೆ, ಅಷ್ಟೇ.

ಅಂದೇ ತಿಳವಳ್ಳಿಯಲ್ಲಿ ಮಗಳ ಕುಬಸ, ಸೀಮಂತದ ಕಾರ್ಯ. ಚೊಚ್ಚಲ ಬಸುರಿ. ಹಿಂದಿನ ಸಂಜೆ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದಳು: "ಅವ್ವ, ಬೀಗರ ಮಂದಿ ಭಾಳ ಬರ್ತಾರ. ಚೌರಿ ಹಾಕ್ಕೊಂಡ ಬಾ." ಅವಳದು ತಪ್ಪಲ್ಲ. ನಾಲ್ಕು ಜನರೆದುರು ನನ್ನ ತಲೆ ಹೇಗೆ ಕಂಡೀತೆಂಬ ಅಳುಕು ಅವಳಿಗಿಂತ ನನಗೇ ಹೆಚ್ಚಿತ್ತು.

ಹೋದ ಮಳೆಗಾಲದಲ್ಲಿ ನನಗೆ ದೊಡ್ಡ ಜ್ವರ ಬಂದಿತ್ತು. ಜ್ವರ ಬಿಟ್ಟು ಎರಡು ಮೂರು ತಿಂಗಳಾಗಿ, ಇನ್ನು ಆರಾಮಾದೆ ಅಂದುಕೊಂಡಾಗ ಕೂದಲು ಹೋಗಲು ಶುರುವಾಯಿತು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಒಮ್ಮೆ ರೊಟ್ಟಿಯ ಹಿಟ್ಟಿನಲ್ಲಿ ಕೂಡ. ಅತ್ತೆ ನನ್ನ ತಲೆ ನೋಡಿ, "ನಿನ್ನ ಬೈತಲಿ ನಮ್ಮ ಹೊಲದ ದಾರಿ ಆಗೇತಿ ನೋಡು, ಎರಡು ಚಕ್ಕಡಿ ಹಾಯ್ತಾವ," ಎಂದಿದ್ದರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡೆ.

ಆಗ ನನಗೊಂದು ಉಪಾಯ ಹೊಳೆದಿತ್ತು. ಉದುರಿದ್ದನ್ನೆಲ್ಲ ಕೂಡಿಟ್ಟಿದ್ದೆನಲ್ಲ, ಅದರದೇ ಚೌರಿ ಕಟ್ಟಿಸಿದೆ. ನನ್ನದೇ ಕೂದಲು, ನನ್ನದೇ ಬಣ್ಣ. ಜಾರದಿರಲೆಂದು ದಿನವೂ ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದೆ. ಕೆಲವೇ ವಾರಗಳಲ್ಲಿ ಕಿವಿಯ ಮೇಲ್ಭಾಗವೂ ಬೋಳಾಗತೊಡಗಿತು. ಶಿಗ್ಗಾವಿಗೆ ಹೋಗಿ ತೋರಿಸಿದೆ. ಅಲ್ಲಿನ ಡಾಕ್ಟರ್ ಬಾಯಿಯವರು ಆ ಚೌರಿ ಬಿಚ್ಚಿಸಿ, ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇದ ಯಾರ ಕೂದ್ಲರಿ?"

"ನಂದ ರೀ."

"ಹೋದ ಕೂದ್ಲಕ್ಕ ಇದ್ದ ಕೂದ್ಲ ಜಗ್ಗಾಕ ಹಚ್ಚೀರಲ್ರಿ," ಎಂದು ನಕ್ಕರು. ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಅಂಶ ಕಡಿಮೆ ಇದೆಯೆಂದು ಗುಳಿಗೆ ಬರೆದರು. ಕಾಳು, ಸೊಪ್ಪು ಚೆನ್ನಾಗಿ ತಿನ್ನಬೇಕು, ತಲೆಗೆ ಬಿಗಿ ಕಟ್ಟಬಾರದು. ಜ್ವರಕ್ಕೆ ಹೋದ ಕೂದಲು ಸಾಮಾನ್ಯವಾಗಿ ತಾನಾಗಿ ಬರುತ್ತದೆ, ಬೇರು ಸತ್ತಿರುವುದಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು ಎಂದರು. ಹೊರಡುವಾಗ, "ಸಣ್ಣ ಕೂದ್ಲ ಕಂಡ್ರ ತುದಿ ನೋಡ್ರಿ. ಮೊಂಡ ಇದ್ರ ಮುರದದ್ದು, ಚೂಪ ಇದ್ರ ಹೊಸಾದು," ಎಂದೂ ಹೇಳಿದರು.

ಚೌರಿ ಬಿಚ್ಚಿಟ್ಟ ಮೇಲೆ ಓಣಿಯಲ್ಲಿ ಒಂದು ಉಡಿ ತುಂಬುವ ಕಾರ್ಯಕ್ಕೆ ಹೋಗಿದ್ದೆ. ಮುಡಿಸಿದ ಮಲ್ಲಿಗೆ ದಂಡೆ ಹಿಡಿಯಲು ಏನೂ ಸಿಗದೆ ಮೆಲ್ಲಗೆ ಜಾರಿ ನನ್ನ ಮಡಿಲಿಗೇ ಬಿತ್ತು. ಎಲ್ಲರೂ ಬೇರೆ ಕಡೆ ನೋಡಿದರು. ಅಂದಿನಿಂದ ಸಮಾರಂಭಗಳನ್ನು ಬಿಟ್ಟೆ, ತಲೆ ಮೇಲಿನ ಸೆರಗನ್ನು ಮಾತ್ರ ಮನೆಯಲ್ಲೂ ಬಿಡಲಿಲ್ಲ. ಚಿಕ್ಕವಳಿದ್ದಾಗ ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ದಿನವೂ ನಮ್ಮ ಎರಡು ಜಡೆ, ಕಪ್ಪು ರಿಬ್ಬನ್ನು ನೋಡಿಯೇ ಒಳಗೆ ಬಿಡುತ್ತಿದ್ದರು. ಅವರ ಮುಸುಕಿನ ಕೆಳಗೆ ಕೂದಲಿದೆಯೋ ಇಲ್ಲವೋ ಎಂದು ನಾವು ಪಿಸುಗುಟ್ಟುತ್ತಿದ್ದೆವು. ಈಗ ನನ್ನ ಸೆರಗಿನ ಬಗ್ಗೆಯೂ ಯಾರೋ ಹಾಗೆಯೇ ಅಂದುಕೊಳ್ಳುತ್ತಿರಬಹುದೆಂದು ಅನಿಸುತ್ತಿತ್ತು.

ಆ ಬೆಳಿಗ್ಗೆ ಅತ್ತೆ ಒಂದು ಕೈಯಲ್ಲಿ ಎಣ್ಣೆ ಬಟ್ಟಲು, ಇನ್ನೊಂದರಲ್ಲಿ ಚೌರಿ ಹಿಡಿದು ಬಂದರು. "ಇವತ್ತೊಂದ ದಿನ ಹಾಕ್ಕೋ. ಒಂದ ದಿನಕ್ಕ ಏನೂ ಆಗೂದಿಲ್ಲ." ಹಿಂದೆ ಕುಳಿತು ಬೈತಲೆ ತೆಗೆಯುತ್ತಿದ್ದವರ ಕೈ ನಿಂತಿತು.

"ಇದೇನಿದು?"

"ಏನರಿ ಅತ್ತಿ?"

"ಬಿಸಲಿಗೆ ತಿರುಗು."

ತಿರುಗಿ ಕೈಗನ್ನಡಿ ಹಿಡಿದೆ. ಹಣೆಯ ಅಂಚಿನುದ್ದಕ್ಕೂ, ಕಿವಿಯ ಮೇಲೂ ಅರ್ಧ ಬೆರಳುದ್ದದ ಕೂದಲು ನೆಟ್ಟಗೆ ನಿಂತಿದ್ದವು. ಅವುಗಳ ನಡುವೆ ಬಿಸಿಲು ಹಾಯುತ್ತಿತ್ತು.

"ತುದಿ ಹೆಂಗೈತ್ರಿ?" ಎಂದೆ.

ಅತ್ತೆಗೆ ಕಣ್ಣು ಮಂಜು. ಒಂದು ಎಳೆಯನ್ನು ಹೆಬ್ಬೆರಳಿನಲ್ಲಿ ಸವರಿ, ಮತ್ತೆ ಸವರಿ, "ಚೂಪ ಐತಿ. ಜ್ವಾಳದ ಮೊಳಕಿ ಇದ್ದಂಗ," ಎಂದರು.

ನಾನು ರೊಟ್ಟಿ ಬಡಿಯುವಾಗ, ನಿದ್ದೆ ಮಾಡುವಾಗ, ಕನ್ನಡಿ ಕಂಡರೆ ಮುಖ ತಿರುಗಿಸುವಾಗ ಇವು ಬಂದಿದ್ದವು. ಗುಳಿಗೆ ನುಂಗಿದ್ದೆ, ಕಾಳು ಸೊಪ್ಪು ತಿಂದಿದ್ದೆ, ನಿಜ. ಆದರೆ ಒಂದೊಂದು ಬೇರಿಗೂ ಈಗ ಏಳು ಎಂದು ಹೇಳಿದವರು ಯಾರು? ನಮ್ಮೂರಿನ ದೊಡ್ಡ ಹುಣಸೆ ಮರ ಹೆಸರಿಗಷ್ಟೇ ಹುಣಸೆ, ನಿಜಕ್ಕೆ ಬಾವೋಬಾಬ್. ಅದು ಪ್ರತಿ ವರ್ಷ ಎಲೆಯೆಲ್ಲ ಕಳೆದುಕೊಂಡು ತಿಂಗಳುಗಟ್ಟಲೆ ಬೋಳಾಗಿ ನಿಂತು ಮತ್ತೆ ಚಿಗುರುತ್ತದೆ. ಅದರ ಮುಂದೆ ಎಷ್ಟೋ ಸಲ ಕಾಯಿಪಲ್ಲೆ ಚೀಲ ಹಿಡಿದು ಹಾದುಹೋಗಿದ್ದೇನೆ, ಒಮ್ಮೆಯೂ ಬೆರಗಾಗಿರಲಿಲ್ಲ. ಆ ಕಟ್ಟೆಯ ಮೇಲೆ ಕೂತಿದ್ದಾಗ ಅಷ್ಟು ಸಲದ ಬೆರಗೆಲ್ಲ ಒಟ್ಟಿಗೇ ಬಂದಂತಾಯಿತು.

"ಚೌರಿ ಬ್ಯಾಡ್ರಿ ಅತ್ತಿ."

"ಬೀಗರ ಮುಂದ ಇಲಿ ಬಾಲದಂಗ ಹೆಳಲ ಬಿಟ್ಗೊಂಡ ಹೊಂಟಿಯೇನು?"

"ಹೂಂರಿ. ಬಾಲ ಆದ್ರೂ ನಂದ ಐತಿ."

ಅತ್ತೆ ನಕ್ಕು ಸಡಿಲವಾಗಿ ಹೆಣೆದರು.

ತಿಳವಳ್ಳಿಯಲ್ಲಿ ಮಗಳು ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟು ಕುಳಿತಿದ್ದಳು. ಬಸುರಿನ ಸೊಂಪು ಅವಳ ಕೂದಲಿಗೂ ಬಂದಿತ್ತು. ಹೆಳಲು ನನ್ನ ಮುಂಗೈಯಷ್ಟು ದಪ್ಪ. ನನ್ನ ಬೆನ್ನಿನ ಕಡೆ ಒಮ್ಮೆ ನೋಡಿದಳು, ಕಣ್ಣು ತಗ್ಗಿಸಿದಳು. ಆರತಿ ಆದ ಮೇಲೆ ಬೀಗತಿ ಮಲ್ಲಿಗೆ ದಂಡೆ ಹಿಡಿದು ನನ್ನ ಹಿಂದೆ ಬಂದರು. "ಅಕ್ಕಾರ, ಸ್ವಲ್ಪ ಸೆರಗ ಸರಸ್ರಿ." ಸರಿಸಿದೆ. ಪಿನ್ನು ಒಳಗೆ ಹೋದದ್ದು, ಅಲ್ಲಿ ಏನನ್ನೋ ಹಿಡಿದದ್ದು ತಿಳಿಯಿತು. ಮಡಿಲಿನ ಮೇಲೆ ಕಣ್ಣಿಟ್ಟು ಕಾದೆ. ಹಾಡು ಮುಗಿಯಿತು, ಊಟ ಮುಗಿಯಿತು. ಹೂವು ಬೀಳಲಿಲ್ಲ.

ಕೈ ತೊಳೆಯುವಲ್ಲಿ ಮಗಳು ಒಬ್ಬಳೇ ಸಿಕ್ಕಳು. ನನ್ನ ಹಣೆಯಂಚನ್ನು ಬೆರಳಿನಿಂದ ಮುಟ್ಟಿ, "ಅವ್ವ, ಇವು ಯಾವಾಗ ಬಂದ್ವು?" ಎಂದಳು.

"ನನಗೂ ಗೊತ್ತಿಲ್ಲವ್ವ," ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಳು.

ಸಂಜೆ ಸವಣೂರಿನಲ್ಲಿ ಬಸ್ಸಿಳಿದು ಓಣಿಗೆ ಬಂದಾಗ ಗಾಳಿ ಬೀಸುತ್ತಿತ್ತು. ಸೆರಗು ಹೆಗಲಿಗೆ ಜಾರಿತ್ತು. ಎತ್ತಿ ಹೊದೆಯಬೇಕೆಂಬ ನೆನಪೂ ಆಗಿರಲಿಲ್ಲ. ಪಕ್ಕದ ಮನೆಯಾಕೆ ಬಾಗಿಲಲ್ಲಿ ಆಡಿಗೆ ಮೇವು ಹಾಕುತ್ತಿದ್ದಳು. ಇಷ್ಟು ತಿಂಗಳು ನಾನು ಎಲ್ಲರಿಗಿಂತ ಹೆಚ್ಚು ಮರೆಮಾಚಿದ್ದು ಅವಳಿಂದಲೇ. ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಮೇವಿನತ್ತ ಬಗ್ಗಿದಳು.

"ಏನ್ರಿ ಅಕ್ಕಾರ, ಮುಂಗೂದ್ಲ ಎಲ್ಲಾ ಎದ್ದ ನಿಂತಾವು. ಜರಾ ಎಣ್ಣಿ ಹಚ್ಚಿ ಕುಂದ್ರಸಬಾರದೇನ್ರಿ?"