ಧೈರ್ಯ ಹೇಳಲು ಬಂದವರಿಗೆ ಚಹಾ

ಅಪ್ಪನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಕುಬಿಹಾಳದ ನಮ್ಮ ಮನೆಯಲ್ಲಿ ಧೈರ್ಯಕ್ಕೆ ಎಂದೂ ಕೊರತೆಯಾಗಲಿಲ್ಲ. ದಿನವೂ ಯಾರಾದರೂ ತಂದುಕೊಡುತ್ತಿದ್ದರು. ಹಾಸಿಗೆ ಹಿಡಿದವರನ್ನು ಮಾತಾಡಿಸಲು ಬರುವುದು ನಮ್ಮ ಕಡೆಯ ರೀತಿ. ಬರುವಾಗ ಒಂದು ಬ್ರೆಡ್ಡಿನ ಪಾಕೀಟು ತರಬೇಕು, ಕೂತಮೇಲೆ ಮನೆಯವರಿಗೆ ಧೈರ್ಯ ಹೇಳಬೇಕು, ಹೇಳಿ ದಣಿದ ಮೇಲೆ ಚಹಾ ಕುಡಿಯಬೇಕು. ದೂರದಿಂದ ಬಂದವರಾದರೆ ಒಗ್ಗರಣೆ ಅವಲಕ್ಕಿಯೂ ಆಗಬೇಕು.

ಅಪ್ಪನ ಹಿಟ್ಟಿನ ಗಿರಣಿಯನ್ನು ಅವ್ವ ನಡೆಸತೊಡಗಿದಳು. ನಾನು ಧಾರವಾಡದಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಊರಿಗೆ ಬರುವುದರೊಳಗೆ, ಸಂಶಿಯಲ್ಲಿ ಪಿಯುಸಿ ಓದುತ್ತಿದ್ದ ತಂಗಿ ಕಾಲೇಜು ಬಿಟ್ಟು ಒಲೆಯ ಮುಂದೆ ನಿಂತಾಗಿತ್ತು. ಅಪ್ಪನನ್ನು ಹೊರಳಿಸುವುದು, ತೊಳೆಯುವುದು, ಉಣಿಸುವುದು ಅವಳ ಪಾಲಿನ ಕೆಲಸ. ಧೈರ್ಯದವರ ಚಹಾ ಅದರ ಮೇಲೆ.

ಅಪ್ಪನ ತಮ್ಮ, ಗುಡಗೇರಿಯ ಕಾಕಾ, ಧೈರ್ಯ ಹೇಳುವುದರಲ್ಲಿ ಎಲ್ಲರಿಗಿಂತ ಮುಂದು. ತಂಗಿಯ ಕಣ್ಣು ತುಂಬುವ ಮೊದಲೇ ಅವರಿಗೆ ತಿಳಿದುಬಿಡುತ್ತಿತ್ತು.

“ಅಳಬ್ಯಾಡ ಮಗಳ. ನೀನ ಅತ್ರ ನಿಮ್ಮವ್ವನ್ನ ಯಾರು ನೋಡ್ಬೇಕು? ನೀ ಗಟ್ಟಿ ಹುಡುಗಿ ಅದಿ.”

“ಹೌದ್ರಿ ಕಾಕಾ,” ಎಂದು ಅವಳು ಮುಖ ಒರೆಸಿಕೊಂಡಳು.

“ನೋಡ್ರಿ, ಅಗದಿ ಗಂಡಸಿದ್ದಂಗ ಅದಾಳ! ಚಾದಾಗ ಸಕ್ರಿ ಸ್ವಲ್ಪ ಮುಂದ ಇರ್ಲಿ ಬೇ.”

ಹೀಗೆ ಅವಳು ಊರಿಗೇ ಗಟ್ಟಿ ಹುಡುಗಿಯಾದಳು. ಅವಳನ್ನು ತೋರಿಸಿ ಉಳಿದವರು ತಮ್ಮ ಹೆಣ್ಣುಮಕ್ಕಳನ್ನು ಬೈಯತೊಡಗಿದರು. ಅವಳು ಅಳುವುದನ್ನು ಬಿಟ್ಟಾಗ ಎಲ್ಲರಿಗೂ ಸಮಾಧಾನವಾಯಿತು. ನಗುವುದನ್ನು ಬಿಟ್ಟಾಗ ತಿಳಿವಳಿಕೆ ಬಂತು ಎಂದರು. ಊಟ ಬಿಟ್ಟದ್ದನ್ನು ಯಾರೂ ನೋಡಲಿಲ್ಲ, ಏಕೆಂದರೆ ಎಲ್ಲರೂ ಉಣ್ಣುತ್ತಿದ್ದಾಗ ಬಡಿಸುತ್ತಿದ್ದವಳು ಅವಳೇ.

ಆ ದಿನ ಕಾಕಾ ಒಂದು ಟಂಟಂ ಆಟೋ ತುಂಬ ಬೀಗರನ್ನು ಕರೆತಂದಿದ್ದರು. ಪಡಸಾಲೆಯಲ್ಲಿ ಧೈರ್ಯ ಭರದಿಂದ ಸಾಗಿತ್ತು. ಚಹಾ ಬರಲಿಲ್ಲವೆಂದು ನಾನು ಒಳಗೆ ಹೋದೆ. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಪಕ್ಕದ ಒಲೆಯ ಉರಿ ತಂಗಿಯ ಓಢಣಿಯ ಅಂಚಿಗೆ ಹತ್ತಿ ಮೇಲೇರುತ್ತಿತ್ತು. ಅವಳು ಅದನ್ನು ನೋಡುತ್ತ ನಿಂತಿದ್ದಳು, ಬೇರೆ ಯಾರದೋ ಓಢಣಿ ಎಂಬಂತೆ.

ಕಿತ್ತೆಸೆದೆ, ಕೊಡದ ನೀರು ಸುರಿದೆ. ಕತ್ತಿನ ಬದಿಯಲ್ಲಿ ಒಂದಿಷ್ಟು ಸುಟ್ಟಿತ್ತು.

“ಯಾಕ ಒದರಲಿಲ್ಲ ಬೇ?”

“ಗೊತ್ತಾಗ್ಲಿಲ್ಲಕ್ಕಾ,” ಎಂದಳು. ಆಮೇಲೆ, “ಗೊತ್ತಾತು. ಆಗ್ಲಿ ಬಿಡು ಅನಸ್ತು.”

ಪಡಸಾಲೆಯಿಂದ ಕಾಕಾನ ದನಿ ಬಂತು: “ಚಾ ಆತೇನ್ರವಾ?”

ಈಗಲೂ ಹಾಲು ಚುರ್ ಎಂದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ದಿನ ಕಾಕಾನ ಇನ್ನೊಂದು ಮಾತು ಕೇಳಿ ಆಮೇಲೆ ಎದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಕಾಕಾನ ಮಾತುಗಳು ಉದ್ದ.

ತಂಗಿಯನ್ನು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ತೋರಿಸೋಣ ಎಂದೆ. ನಾನು ಅಲ್ಲಿ ಓದುತ್ತೇನೆಂದು ಸಂತೆಯಲ್ಲೆಲ್ಲ ಹೇಳಿಕೊಂಡಿದ್ದ ಕಾಕಾ, ಅದೇ ಊರಿನ ಹೆಸರು ಕೇಳಿ ಎದ್ದು ಬಾಗಿಲು ಮುಚ್ಚಿದರು.

“ಧಾರವಾಡಕ್ಕ ಹೋದ್ಲಂದ್ರ ಹುಚ್ಚಿ ಅಂತಾರ. ನಾಳೆ ಇಕಿನ್ನ ಯಾರು ಲಗ್ನ ಮಾಡ್ಕೋತಾರ? ಗಟ್ಟಿ ಹುಡುಗಿ ಅದಾಳ, ತಾನ ಆರಾಮ ಅಕ್ಕಾಳ. ನಾಕು ಮಂದಿ ಕೂತು ಧೈರ್ಯ ಹೇಳೂಣು.”

ಗಿರಣಿಯಿಂದ ಬಂದ ಅವ್ವನ ತಲೆ, ಹುಬ್ಬು ಎಲ್ಲ ಹಿಟ್ಟಾಗಿತ್ತು. ಮಗಳ ಕತ್ತನ್ನು ನೋಡಿದಳು.

“ಹೇಳಿದ್ದು ಸಾಕ್ರಿ. ಅಕಿ ಗಟ್ಟಿ ಇಲ್ಲ. ನಾನೂ ಇಲ್ಲ. ನಾಳೆ ನಾವು ಮೂರೂ ಮಂದಿ ಧಾರವಾಡಕ್ಕ ಹೊಕ್ಕೇವಿ. ನಿಮ್ಮಣ್ಣನ್ನ ನೀವ ಹೊರಳಸ್ರಿ. ಚಾಪುಡಿ ಮ್ಯಾಲಿನ ಡಬ್ಬ್ಯಾಗ ಐತಿ.”

ಮರುದಿನ ಬೆಳಿಗ್ಗೆ ಬಸ್ಸು ಸಂಶಿ ದಾಟುವ ಮೊದಲೇ ತಂಗಿ ಅಳತೊಡಗಿದಳು. ಎಷ್ಟೋ ತಿಂಗಳಿಂದ ಕೇಳದ ದನಿ, ದೊಡ್ಡದಾಗಿಯೇ ಬಂತು. ಮುಂದಿನ ಸೀಟಿನ ಹೆಂಗಸು ತಿರುಗಿ, “ಅಳಬ್ಯಾಡ ತಂಗಿ, ಧೈರ್ಯ...” ಎನ್ನುವಷ್ಟರಲ್ಲಿ ಅವ್ವ ಕೈ ಅಡ್ಡ ಹಿಡಿದಳು.

“ಅಳ್ಲಿ ಬಿಡ್ರಿ ಅಕ್ಕಾರ. ಧಾರವಾಡ ಇನ್ನೂ ದೂರ ಐತಿ.”