ದಾರದಲ್ಲಿ ಅಳೆದ ಮುಂಬಯಿ

ಸಂಜೆ ಆರೂ ಇಪ್ಪತ್ತಕ್ಕೆ ವಿಮಾನ ಒಮ್ಮೆಲೇ ಕೆಳಗೆ ಕುಸಿಯಿತು. ಪಕ್ಕದಲ್ಲಿದ್ದ ನಮ್ಮ ಭೂಗೋಳದ ಮಾಸ್ತರರು ನನ್ನ ಮುಂಗೈ ಹಿಡಿದುಕೊಂಡರು. ಬಳಪ ಹಿಡಿದು ಹಿಡಿದು ಬಿರಿದಿದ್ದ ಆ ಬೆರಳುಗಳು ಒತ್ತಿದ ಜಾಗ ಆಮೇಲೆ ನೀಲಿಗಟ್ಟಿತು.

ಚಿತ್ತಾಪುರದ ಶಾಲೆಯಲ್ಲಿ ಅವರು ದೂರವನ್ನು ಕಲಿಸುತ್ತಿದ್ದುದು ದಾರದಿಂದ. ಗೋಡೆಯ ನಕಾಶೆಯ ಮೇಲೆ ಹೈದರಾಬಾದಿನಿಂದ ಮುಂಬಯಿಗೆ ದಾರ ಬಿಗಿಯಾಗಿ ಎಳೆದು, ಅದನ್ನು ಕೆಳಗಿನ ಅಳತೆಗೆರೆಗೆ ಹಿಡಿಯುವರು.

"ವಿಮಾನಕ್ಕ ತಿರುವಿಲ್ಲ, ಟೇಶನ್ ಇಲ್ಲ. ನಮ್ಮ ನೆತ್ತಿ ಮ್ಯಾಲೇ ಹಾದು ಹೋಗ್ತದ ನೋಡ್ರಿ."

"ಹಂಗಾದ್ರ ವಾಡಿ ಟೇಶನ್‌ದಾಗ ಚಾ ಸಿಗೂದಿಲ್ಲೇನ್ರಿ ಸರ?" ಎಂದು ಹಿಂದಿನಿಂದ ಯಾರಾದರೂ ಕೂಗಿದರೆ ತಾವೇ ಮೊದಲು ನಗುವರು. ವಿಮಾನವನ್ನು ಅವರು ಹತ್ತಿರದಿಂದ ಕಂಡವರಲ್ಲ. ತಾಯಿಯಿಲ್ಲದ ಅವರ ಒಬ್ಬಳೇ ಮಗಳು ನನ್ನ ಬೆಂಚಿನಲ್ಲೇ ಕೂರುತ್ತಿದ್ದಳು. ಮುಂದೆ ಮದುವೆಯಾಗಿ ಮುಂಬಯಿ ಸೇರಿದಳು.

ಅವಳಿಗೆ ಹೆರಿಗೆ ಕಷ್ಟವಾಗಿದೆ, ಕೂಡಲೇ ಹೊರಡಿ ಎಂದು ತಂತಿ ಬಂದಾಗ ಮುಂಬಯಿಯ ಬೆಳಗಿನ ಗಾಡಿ ಹೋಗಿಯಾಗಿತ್ತು. ಸಂಜೆಯ ಗಾಡಿ ಹಿಡಿದರೆ ಮರುದಿನ ಬೆಳಿಗ್ಗೆ ಮುಟ್ಟಬಹುದು. ಮಾಸ್ತರರು ಹೈದರಾಬಾದಿನ ಗಾಡಿಗೆ ಹೋಗಿ ನಿಂತರು. ನಾನು ಅಲ್ಲಿ ಕಾಲೇಜು ಓದಿದವಳು, ಜೊತೆಗೆ ಹೊರಟೆ.

"ಮಾಸ್ತರ್, ಮುಂಬಯಿ ಆ ಕಡಿ ಅದ. ನೀವು ಈ ಕಡಿ ಹೊಂಟೀರಲ್ರಿ?" ಎಂದರು ನಮ್ಮಪ್ಪ.

"ಮ್ಯಾಲಿಂದ ಬರೇ ಒಂದೂವರಿ ತಾಸಿನ ದಾರಿ ಅಣ್ಣಾರ. ಇವತ್ತೇ ಮಗಳ ಬಾಜೂಕ ಕುಂತಿರ್ತೀನಿ."

ದಾರಕ್ಕೆ ಮಳೆ ಗೊತ್ತಿರಲಿಲ್ಲ. ಮುಂಬಯಿಯ ಮೇಲೆ ಕಪ್ಪು ಮೋಡದೊಳಗೆ ವಿಮಾನ ಸುತ್ತಿತು, ಬಿತ್ತು, ಎದ್ದಿತು, ಮತ್ತೆ ಬಿತ್ತು. ಮೇಲಿಟ್ಟ ಚೀಲಗಳು ತಲೆಯ ಮೇಲೆ ಉರುಳಿದವು. ಹಿಂದೆ ಒಬ್ಬ ಹೆಂಗಸು ದೇವರನ್ನು ಕೂಗುತ್ತಿದ್ದಳು. ಸತ್ತೆವು ಎಂದುಕೊಂಡೆ. ಮಾಸ್ತರರು ಕೇಳುತ್ತಿದ್ದುದು ಒಂದೇ: "ಕೆಳಗ ಮುಂಬಯಿನೇ ಅದಲ್ಲವ್ವಾ? ಮತ್ಯಾಕ ಇಳೀವಲ್ದು?"

ಇಳಿಯಲೇ ಇಲ್ಲ. ವಿಮಾನ ನಮ್ಮನ್ನು ಹೈದರಾಬಾದಿಗೇ ತಂದು ಬಿಟ್ಟಿತು. ಅಲ್ಲಿಂದ ಸಿಕ್ಕ ರೈಲು ಹತ್ತಿದೆವು. ನಸುಕಿನಲ್ಲಿ ಚಿತ್ತಾಪುರ ಬಂದಾಗ ಮಾಸ್ತರರು ಕಿಟಕಿಯಿಂದ ಮುಖ ತಿರುಗಿಸಿಕೊಂಡರು.

ಸಂಜೆ ನಾವು ಮುಂಬಯಿ ಮುಟ್ಟುವುದರೊಳಗೆ ಅವಳು ಹೋಗಿದ್ದಳು. ಕೂಸೂ ಉಳಿದಿರಲಿಲ್ಲ. ಅಂದು ಬೆಳಿಗ್ಗೆ ಇನ್ನೂ ಮಾತಾಡುತ್ತಿದ್ದಳಂತೆ. ಅಪ್ಪ ಬಂದರೇ ಎಂದು ಕೇಳಿದಳಂತೆ.

"ನಿಮ್ಮ ಮಾತು ಕೇಳಬೇಕಾಗಿತ್ರಿ," ಎಂದು ನಮ್ಮಪ್ಪನಿಗೆ ಒಂದು ಸಲ ಹೇಳಿದ್ದು ಬಿಟ್ಟರೆ ಮಾಸ್ತರರು ಆ ಪ್ರಯಾಣದ ಸುದ್ದಿ ಎತ್ತಲಿಲ್ಲ. ನನಗೆ ಕಣ್ಣು ಮುಚ್ಚಿದರೆ ಸಾಕು, ಮಂಚ ಕುಸಿಯುತ್ತಿತ್ತು. ಚೀರಿ ಏಳುತ್ತಿದ್ದೆ. ಅವ್ವನಿಂದ ಇದು ತಿಳಿದ ಮೇಲೆ ಅವರು ದಿನಾ ರಾತ್ರಿ ಊಟ ಮುಗಿಸಿ ಬಂದು ನನ್ನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು.

"ಮಲ್ಕೋ ಯವ್ವಾ. ನನಗ ಹ್ಯಾಂಗೂ ನಿದ್ದಿ ಇಲ್ಲ. ನಾ ಎಚ್ಚರ ಇರ್ತೀನಿ."

ಬೆಚ್ಚಿ ಎದ್ದಾಗ ಅವರ ಕೆಮ್ಮು ಕೇಳಿಸಿದರೆ ಮತ್ತೆ ಒರಗುತ್ತಿದ್ದೆ. ಮಗಳ ಬಳಿ ಕೂರಲು ಹೊರಟವರು ನನ್ನ ಬಳಿ ಕೂತರು. ಈ ಋಣವನ್ನು ಹೇಗೆ ಹೊತ್ತುಕೊಂಡಿರಬೇಕೋ ನನಗೆ ಇಂದಿಗೂ ತಿಳಿದಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರೇ ಹಾಸಿಗೆ ಹಿಡಿದರು. ನೋಡಲು ಹೋದಾಗ, "ಇನ್ನ ನಾ ಮಲಗ್ತೀನವ್ವಾ. ನೀನೂ ಮಲ್ಕೋ," ಎಂದರು.

ಅವರನ್ನು ಮಣ್ಣು ಮಾಡಿ ಬಂದ ದಿನ ರಾತ್ರಿ, ಬೆಳಗಾಗುವ ತನಕ ಒಮ್ಮೆಯೂ ಏಳದೆ ಮಲಗಿದ್ದೆ. ಕಣ್ಣು ತೆರೆದಾಗ ಕೋಣೆಯಲ್ಲಿ ಬಿಸಿಲು. ಬಾಗಿಲಾಚೆ ಅವ್ವ ಯಾರಿಗೋ ಮೆಲ್ಲಗೆ, "ಎಬ್ಬಸಬ್ಯಾಡ್ರಿ," ಎನ್ನುತ್ತಿದ್ದಳು.